ಕೂಟ, ಜಪ್ತಿ ಮತ್ತು ‘ಜನ’ದ ಪಾಠಾಂತರ: ರೈತ ಚಳವಳಿ–ಫ್ಯಾಸಿಸಂ ಹೋಲಿಕೆಯನ್ನು ಕುರಿತು

ಕನ್ನಡದ ಸಾಂಸ್ಕೃತಿಕ ಚರ್ಚೆಗಳಲ್ಲಿ ಕಳೆದ ಮೂರು ದಶಕಗಳಿಂದ ‘ಫ್ಯಾಸಿಸಂ’ ಎಂಬುದು ಪರಿಕಲ್ಪನೆಯಾಗಿ ಬಳಕೆಯಾದುದಕ್ಕಿಂತ ಬೈಗುಳವಾಗಿ ಬಳಕೆಯಾದುದೇ ಹೆಚ್ಚು. ಎದುರಾಳಿಯ ಬಾಯಿ ಮುಚ್ಚಿಸಲು ಆ ಒಂದು ಮಾತು ಸಾಕು ಎನ್ನುವಂತಾಗಿದೆ. ಅದರ ಜೊತೆಜೊತೆಗೇ ಕೇಳಿಬರುವ ‘ಪಾಪ್ಯುಲಿಸಂ’ ಎಂಬ ಪದಕ್ಕೆ ಇನ್ನೊಂದು ಬಗೆಯ ಅವಸ್ಥೆ ಒದಗಿದೆ. ಪತ್ರಿಕೆಗಳು ಅದನ್ನು ‘ಜನಪ್ರಿಯ ಯೋಜನೆ’ ಎಂದು ಅನುವಾದಿಸಿ ಅಕ್ಕಿ, ಸೀರೆ, ಸೈಕಲ್ಲು, ಸಾಲಮನ್ನಾಗಳ ಲೆಕ್ಕಕ್ಕೆ ಇಳಿಸಿಬಿಟ್ಟಿವೆ. ವಿದ್ವಾಂಸರಲ್ಲಿ ಹಲವರು ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯ ಆಚೆಗೆ ಹೋಗದೆ ಜನ ಸೇರಿದ ಕಡೆಯಲ್ಲೆಲ್ಲ ಮರುಳನ್ನೇ ಕಾಣುತ್ತಾರೆ. ಪ್ರಸ್ತುತ ಲೇಖನದಲ್ಲಿ ‘ಜನಪ್ರಿಯವಾದ’ ಎಂಬ ಪದವನ್ನು ಒಂದು ಕಡೆ ‘ಜನ’ರನ್ನೂ ಇನ್ನೊಂದು ಕಡೆ ಆಳುವವರನ್ನೂ ನಿಲ್ಲಿಸಿ, ಆ ಜನರ ಹೆಸರಿನಲ್ಲಿ ಮಾತನಾಡುವ ರಾಜಕಾರಣ ಎಂಬ ಅರ್ಥದಲ್ಲಿ ಬಳಸಲಾಗಿದೆ. ಅಮೆರಿಕದ ಬೇಸಾಯಗಾರರು 1892ರಲ್ಲಿ ಕಟ್ಟಿದ ಪೀಪಲ್ಸ್ ಪಾರ್ಟಿಯಿಂದ ಹಿಡಿದು ನಮ್ಮ ರೈತ ಸಂಘದವರೆಗೆ ಈ ಮಾತು ಅನ್ವಯಿಸುತ್ತದೆ. ಅದು ತನ್ನಷ್ಟಕ್ಕೆ ನಿಂದೆಯೂ ಅಲ್ಲ, ಪ್ರಶಂಸೆಯೂ ಅಲ್ಲ.

ಈ ಹೋಲಿಕೆಯಲ್ಲಿ ಜಾನಪದ ವಿದ್ವಾಂಸನಿಗೆ ಏನು ಕೆಲಸವೆಂದು ಕೇಳುವವರಿದ್ದಾರೆ. ಉತ್ತರವು ನಮ್ಮ ಶಿಸ್ತಿನ ಹೆಸರಿನಲ್ಲಿಯೇ ಇದೆ. ಹರ್ಡರ್ 1778–79ರಲ್ಲಿ ಜನಗೀತೆಗಳ ಸಂಕಲನವನ್ನು ಹೊರತಂದಾಗ, ಥಾಮ್ಸ್ 1846ರಲ್ಲಿ ‘ಫೋಕ್‌ಲೋರ್’ ಎಂಬ ಪದವನ್ನು ಟಂಕಿಸಿದಾಗ, ಹಾಡುವವರ ಹಿಂದೆ ಒಂದು ಅಖಂಡವಾದ ‘ಜನ’ವಿದೆ ಎಂಬ ನಂಬಿಕೆ ಕೆಲಸ ಮಾಡುತ್ತಿತ್ತು. ಜರ್ಮನಿಯಲ್ಲಿ ಆ ನಂಬಿಕೆಯ ಗತಿ ಏನಾಯಿತೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಅಡಿಟಿಪ್ಪಣಿಯಷ್ಟೂ ಜಾಗ ಪಡೆದಿಲ್ಲ. 1935ರಲ್ಲಿ ಸ್ಥಾಪನೆಯಾದ ‘ಆನೆನ್‌ಎರ್ಬೆ’ ಎಂಬ ನಾಜಿ ಸಂಸ್ಥೆಯು ಹಾಡು, ಕಥೆ, ಆಚರಣೆ, ಚಿಹ್ನೆಗಳನ್ನು ಸಂಗ್ರಹಿಸಿತು. ಅಲ್ಲಿ ವಿದ್ವಾಂಸರಿದ್ದರು, ಕ್ಷೇತ್ರಕಾರ್ಯವಿತ್ತು, ಧ್ವನಿಮುದ್ರಣವಿತ್ತು. ಕೊರತೆಯಾದುದು ವಿಧಾನದಲ್ಲಿ ಅಲ್ಲ. ಯುದ್ಧಾನಂತರ ಹೆರ್ಮಾನ್ ಬೌಸಿಂಗರ್ ಮೊದಲಾದವರು ಈ ಚರಿತ್ರೆಯನ್ನು ಬಿಚ್ಚಿಟ್ಟರು. ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿಭಾಗವು 1971ರಲ್ಲಿ ತನ್ನ ಹೆಸರಿನಿಂದ ‘ಜನ’ ಎಂಬರ್ಥದ ‘ಫೋಲ್ಕ್’ ಪದವನ್ನೇ ಕೈಬಿಟ್ಟಿತು. ಒಂದು ಶಿಸ್ತು ತನ್ನ ಹೆಸರನ್ನೇ ಬಿಟ್ಟುಕೊಡಬೇಕಾಗಿ ಬಂದ ಸಂದರ್ಭವನ್ನು ಅದೇ ಶಿಸ್ತಿನ ಕನ್ನಡದ ಶಾಖೆಯು ಗಮನಿಸದೆ ಇರುವುದು ಸರಿಯಲ್ಲ.

ನಮ್ಮ ರೈತ ಚಳವಳಿಗಳನ್ನು ಈ ಚರಿತ್ರೆಯ ಎದುರಿಗಿಟ್ಟು ಅಳೆದವರಲ್ಲಿ ಟಾಮ್ ಬ್ರಾಸ್ ಮುಖ್ಯರು. 2000ರಲ್ಲಿ ಪ್ರಕಟವಾದ, ರೈತಾಪಿ, ಜನಪ್ರಿಯವಾದ ಹಾಗೂ ಆಧುನಿಕೋತ್ತರವಾದಗಳನ್ನು ಕುರಿತ ಗ್ರಂಥದಲ್ಲಿ ಅವರು ಮಂಡಿಸುವ ವಾದದ ಸಾರವಿಷ್ಟು: 1980ರ ದಶಕದಲ್ಲಿ ಭಾರತದಲ್ಲಿ ಎದ್ದ ‘ಹೊಸ ರೈತ ಚಳವಳಿ’ಗಳು ಹಳ್ಳಿಯನ್ನು ಒಂದು ಅವಿಭಕ್ತ ಕುಟುಂಬದಂತೆ ಚಿತ್ರಿಸುತ್ತವೆ; ಭೂಮಾಲೀಕ ಮತ್ತು ಕೂಲಿಯ ನಡುವಿನ ವರ್ಗಭೇದವನ್ನು ನಗರ–ಹಳ್ಳಿ ಎಂಬ ಭೇದದ ಕೆಳಗೆ ಹುದುಗಿಸುತ್ತವೆ; ಇದು ಬೇಸಾಯದ ಬದುಕನ್ನು ಪವಿತ್ರಗೊಳಿಸುವ ಹಳೆಯ ಪುರಾಣವೇ ಆಗಿದ್ದು, ಅದೇ ಪುರಾಣವು ಯುರೋಪಿನ ಬಲಪಂಥೀಯ ರಾಜಕಾರಣಕ್ಕೂ ಉಣಿಸಾಗಿತ್ತು. ಈ ವಾದದಲ್ಲಿ ತಳ್ಳಿಹಾಕಲಾಗದ ಸತ್ಯವಿದೆ. ಆದರೆ ‘ಪುರಾಣ’ವೆಂಬ ಪದವನ್ನು ಬ್ರಾಸ್ ಬಳಸುವ ಬಗೆಯು ಜಾನಪದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸುತ್ತದೆ. ಅವರಿಗೆ ಪುರಾಣವೆಂದರೆ ಒಂದೇ ಪಾಠವುಳ್ಳ ಸಿದ್ಧವಸ್ತು. ಎಲ್ಲಿ ಹೇಳಿದರೂ, ಯಾರು ಹೇಳಿದರೂ ಅದರ ಅರ್ಥ ಅದೇ. ಕ್ಷೇತ್ರಕಾರ್ಯ ಮಾಡಿದ ಯಾರಿಗೂ ಈ ಮಾತು ಒಪ್ಪಿಗೆಯಾಗಲಾರದು. ಪಾಠಾಂತರವಿಲ್ಲದ ಕಥೆಯು ಜನಪದರಲ್ಲಿ ಇಲ್ಲ. ಜನಪ್ರಿಯವಾದವು ಎಲ್ಲಿಯವರೆಗೆ ಜನಪ್ರಿಯವಾದವಾಗಿರುತ್ತದೆ, ಎಲ್ಲಿಂದ ಮುಂದೆ ಫ್ಯಾಸಿಸಂ ಆಗುತ್ತದೆ ಎಂಬ ಪ್ರಶ್ನೆಗೆ ಈ ಪಾಠಾಂತರದ ಕಡೆಯಿಂದಲೇ ಒಂದು ದಾರಿಯಿದೆ ಎಂಬುದು ನನ್ನ ವಾದ.

ರಾಜಕೀಯ ಸಿದ್ಧಾಂತಿಗಳು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅರ್ನೆಸ್ಟೊ ಲಕ್ಲಾವ್ 2005ರಲ್ಲಿ ‘ಜನ’ ಎಂಬುದು ಮೊದಲೇ ಇರುವ ವಸ್ತುವಲ್ಲ, ಬೇರೆ ಬೇರೆ ಬೇಡಿಕೆಗಳು ಒಂದೇ ಎದುರಾಳಿಯ ಮುಂದೆ ಹೆಣೆದುಕೊಂಡಾಗ ಮೂಡುವ ರೂಪ ಎಂದರು. ಯಾನ್-ವರ್ನರ್ ಮ್ಯುಲರ್ 2016ರಲ್ಲಿ, ತಾವು ಮಾತ್ರವೇ ಜನರ ಪ್ರತಿನಿಧಿಗಳೆಂದು ಹೇಳಿಕೊಳ್ಳುವುದೇ ಜನಪ್ರಿಯವಾದಿಗಳ ಲಕ್ಷಣವೆಂದರು. ಫೆಡರಿಕೊ ಫಿಂಚೆಲ್‌ಸ್ಟೈನ್ 2017ರಲ್ಲಿ, 1945ರ ನಂತರ ಫ್ಯಾಸಿಸಂ ಸರ್ವಾಧಿಕಾರವನ್ನು ತೊರೆದು ಮತಪೆಟ್ಟಿಗೆಗೆ ಒಗ್ಗಿಕೊಂಡ ರೂಪವೇ ಅಧಿಕಾರಕ್ಕೇರಿದ ಜನಪ್ರಿಯವಾದವೆಂದು ಅರ್ಜೆಂಟಿನಾದ ಪೆರೋನನನ್ನು ಮುಂದಿಟ್ಟು ವಾದಿಸಿದರು. ಮೂವರೂ ನಾಯಕನನ್ನು, ಪಕ್ಷವನ್ನು, ಭಾಷಣವನ್ನು ನೋಡುತ್ತಾರೆ. ಸೇರಿದ ಜನ ತಮ್ಮತಮ್ಮಲ್ಲಿ ಏನು ಮಾತನಾಡಿಕೊಂಡರು ಎಂಬುದು ಅವರ ಕಣ್ಣಿಗೆ ಬೀಳುವುದು ಕಡಿಮೆ.

ಪ್ರಶ್ನೆಯನ್ನು ನೆಲಕ್ಕಿಳಿಸಲು ಇಂದಿನ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇನೆ. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾಯಿತು. ತುಂಗಭದ್ರೆಯ ದಡದ ಹೊನ್ನಾಳಿ, ಅಡಿಕೆ ತೋಟಗಳ ಚನ್ನಗಿರಿ ಒಂದು ತುದಿ. ಮಳೆಯನ್ನೇ ನಂಬಿದ ಜಗಳೂರಿನ ಬೆದ್ದಲು ಇನ್ನೊಂದು ತುದಿ. ರೈತ ಎಂಬ ಒಂದೇ ಪದ ಈ ಎರಡು ತುದಿಗಳನ್ನೂ ಹೊರಬೇಕಾಗಿದೆ.

ಈ ಸೀಮೆಯ ಮೊದಲ ದೊಡ್ಡ ಜನಪ್ರಿಯ ಚಳವಳಿಯು ರೈತ ಸಂಘಕ್ಕಿಂತ ಒಂದೂವರೆ ಶತಮಾನ ಹಳೆಯದು. ಮೂರನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಜಾರಿಯಲ್ಲಿದ್ದ ಶರ್ತಿ ಪದ್ಧತಿಯಂತೆ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹುಟ್ಟುವಳಿ ತರುವೆನೆಂದು ಬರೆದುಕೊಡಬೇಕಾಗಿತ್ತು. ಕಡಿಮೆ ಬಿದ್ದರೆ ಹೊಣೆ ಅವನದು. ಆ ಹೊಣೆಯನ್ನು ಅವನು ಯಾರ ಬೆನ್ನಿನ ಮೇಲೆ ಹೇರಿದನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1830ರ ಉತ್ತರಾರ್ಧದಲ್ಲಿ ನಗರ ಫೌಜುದಾರಿಯ ರೈತರು ಕಂದಾಯ ನಿಲ್ಲಿಸಿ ಊರೂರಿನಿಂದ ಹೊರಟು ಒಂದೆಡೆ ಸೇರಿ ಕುಳಿತರು. ಇಂಥ ಸೇರುವಿಕೆಗೆ ‘ಕೂಟ’ವೆಂದೇ ಹೆಸರು. ಬಸವಾಪಟ್ಟಣ, ಹೊನ್ನಾಳಿಗಳ ಪರಿಸರವು ಈ ಕೂಟಗಳ ನೆಲೆಗಳಲ್ಲೊಂದು. ಬ್ರಿಟಿಷ್ ದಾಖಲೆಗಳಲ್ಲಿ ಸಾದರಮಲ್ಲನೆಂಬ ಹೆಸರೂ ಉಳ್ಳ ರೈತಕುಲದ ಬೂದಿಬಸವಪ್ಪನು ತಾನು ಹಳೆಯ ನಗರದ ಅರಸುಮನೆತನದ ವಾರಸುದಾರನೆಂದು ಸಾರಿಕೊಂಡು, ‘ನಗರದ ಖಾವಂದ’ನೆಂಬ ಹೆಸರಿನಲ್ಲಿ ಮುಂದೆ ಬಂದನು. ತರೀಕೆರೆಯ ಪಾಳೆಯಗಾರನೂ ಕೂಡಿಕೊಂಡನು. 1831ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸೇನೆ ನಗರದ ಕೋಟೆಯನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಸೂರಿನ ಆಡಳಿತವೇ ಅರಸರ ಕೈತಪ್ಪಿತು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯು 1833ರಲ್ಲಿ ವರದಿ ಕೊಟ್ಟಿತು.

ಬೂದಿಬಸವಪ್ಪನನ್ನು ಈ ವರದಿಯ ಪರಂಪರೆಯ ಬರವಣಿಗೆಗಳು ಸೋಗುಗಾರನೆಂದು ತಳ್ಳಿಹಾಕುತ್ತವೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಜನಪ್ರಿಯವಾದಿ: ಹಿಂದಿನ ಸುವರ್ಣಯುಗವೊಂದರ ನೆನಪನ್ನು ಎಬ್ಬಿಸಿದವನು, ಬಾಕಿ ಮನ್ನಾದ ಭರವಸೆ ಕೊಟ್ಟವನು. ಆದರೆ ಅವನಿಗೂ ರೈತರಿಗೂ ಆದ ಒಪ್ಪಂದದ ಸ್ವರೂಪವನ್ನು ನೋಡಬೇಕು. ಬಾಕಿಯೆಲ್ಲವೂ ಮನ್ನಾ ಆಗಬೇಕು. ಒಂದು ವರಹ ಕಂದಾಯ ಕಟ್ಟುತ್ತಿದ್ದವನು ಇನ್ನು ಮುಂದೆ ಒಂದು ರೂಪಾಯಿ ಕಟ್ಟತಕ್ಕದ್ದು. ಹಾಗಿದ್ದರೆ ನೀನು ನಮ್ಮ ದೊರೆ. ಇಲ್ಲಿ ದೊರೆಯನ್ನು ಜನ ಗೊತ್ತುಮಾಡಿಕೊಂಡಿದ್ದಾರೆ, ಅದೂ ಷರತ್ತಿನ ಮೇಲೆ. ಅವನ ವಂಶಾವಳಿ ನಿಜವೆಂದು ಅವರೆಲ್ಲರೂ ನಂಬಿದ್ದರೇ? ನಂಬಬೇಕಾದ ಅಗತ್ಯವಿರಲಿಲ್ಲ ಎಂದು ನನ್ನ ಊಹೆ. ಬಯಲಾಟದಲ್ಲಿ ರಾಜವೇಷ ಹಾಕಿದವನು ತಮ್ಮೂರ ರೈತನೇ ಎಂದು ಗೊತ್ತಿದ್ದೂ ಬೆಳಗಿನವರೆಗೆ ಅವನನ್ನು ರಾಜನೆಂದೇ ನೋಡುವ ಜನರಿಗೆ ಇದು ಅಪರಿಚಿತ ಸ್ಥಿತಿಯಲ್ಲ. ಹಾಗೆಂದು ಕೂಟವನ್ನು ಆದರ್ಶೀಕರಿಸಬೇಕಾಗಿಲ್ಲ. ಊರು ಸೇರಿದಾಗ ಬಾರದವನ ಮೇಲೆ ಊರಿನ ಒತ್ತಾಯವೂ ಬೀಳುತ್ತದೆ. ಒತ್ತಾಯವಿಲ್ಲದ ಕೂಟ ಅಪರೂಪ. ಅದೇ ವರ್ಷಗಳಲ್ಲಿ ಕಿತ್ತೂರು ಸೀಮೆಯಲ್ಲಿ ಹೋರಾಡಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಫ್ಲೀಟ್ ಅವರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಹಾಡುಗಳ ನಡುವೆ ಕಾಣುತ್ತೇವೆ. ಬೂದಿಬಸವಪ್ಪ ಅಲ್ಲಿಲ್ಲ. ವೀರನ ಮರಣ ಹಾಡಾಗುತ್ತದೆ. ಷರತ್ತಿನ ದೊರೆ ಹಾಡಾಗುವುದು ಕಷ್ಟ.

ಇಲ್ಲಿಂದ 1980ಕ್ಕೆ ಬರೋಣ. ಆ ವರ್ಷದ ಜುಲೈ 21ರಂದು ನರಗುಂದ–ನವಲಗುಂದಗಳಲ್ಲಿ ನಡೆದ ಮಲಪ್ರಭಾ ಅಚ್ಚುಕಟ್ಟಿನ ರೈತರ ಹೋರಾಟ ಮತ್ತು ಗೋಲಿಬಾರುಗಳ ಬೆನ್ನಿಗೇ ಕರ್ನಾಟಕ ರಾಜ್ಯ ರೈತ ಸಂಘವು ರೂಪುಗೊಂಡಿತು. ಚನ್ನಗಿರಿ, ಹೊನ್ನಾಳಿಗಳು ಆಗ ಸೇರಿದ್ದ ಶಿವಮೊಗ್ಗ ಜಿಲ್ಲೆಯೇ ಅದರ ತವರು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಇವರ ಹೆಸರುಗಳು ಅದರ ಆರಂಭದೊಂದಿಗೆ ಬೆಸೆದುಕೊಂಡಿವೆ. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂಬ ಘೋಷಣೆಯು 1830ರ ಬಾಕಿಯ ಮಾತನ್ನು ತಲೆಕೆಳಗು ಮಾಡಿತು. ಊರ ಬಾಗಿಲಲ್ಲಿ, ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂಬ ಫಲಕಗಳು ನಿಂತವು. ಸಾಲಕ್ಕಾಗಿ ಬ್ಯಾಂಕಿನವರು, ಕಂದಾಯ ಇಲಾಖೆಯವರು ಪಾತ್ರೆಪಗಡ, ಬಂಡಿ, ಪಂಪ್‌ಸೆಟ್ಟುಗಳನ್ನು ಜಪ್ತಿ ಮಾಡಿ ಒಯ್ದರೆ, ಹಸಿರು ಶಾಲಿನ ರೈತರು ಗುಂಪಾಗಿ ಹೋಗಿ ಅವನ್ನು ಹಿಂದಕ್ಕೆ ತಂದರು. ಇದಕ್ಕೆ ‘ಮರುಜಪ್ತಿ’ಯೆಂದು ಹೆಸರಾಯಿತು. ಕಾನೂನಿನ ಭಾಷೆಯನ್ನೇ ಎತ್ತಿಕೊಂಡು ಅದರ ಮುಖಕ್ಕೆ ಹಿಡಿಯುವ ಈ ಪದವನ್ನು ಯಾವ ಪಂಡಿತನೂ ಟಂಕಿಸಲಾರ.

ಮರುಜಪ್ತಿಗೆ ಯುರೋಪಿನಲ್ಲಿ ಒಂದು ಅವಳಿಯಿದೆ. ಫ್ಯಾಸಿಸಂ ಜೊತೆಗಿನ ಹೋಲಿಕೆಯು ನಿಜವಾಗಿ ಕಷ್ಟವಾಗುವುದು ಅಲ್ಲಿ. ಜರ್ಮನಿಯ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದಲ್ಲಿ ದನ ಸಾಕುವ ರೈತರು ಬೆಲೆಕುಸಿತ, ಬಡ್ಡಿ ಮತ್ತು ತೆರಿಗೆಗಳಿಂದ ಕಂಗೆಟ್ಟು 1928ರ ಜನವರಿಯಲ್ಲಿ ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ಬೀದಿಗಿಳಿದರು. ‘ಲಾಂಟ್‌ಫೋಲ್ಕ್’, ಎಂದರೆ ‘ನಾಡಜನ’ ಎಂಬುದು ಆ ಚಳವಳಿಯ ಹೆಸರು. ಕಪ್ಪು ಬಾವುಟ ಅದರ ಗುರುತು. ಅದೇ ವರ್ಷದ ನವೆಂಬರ್‌ನಲ್ಲಿ ಬೈಡೆನ್‌ಫ್ಲೇಟ್ ಎಂಬ ಹಳ್ಳಿಗೆ ತೆರಿಗೆ ಬಾಕಿಗಾಗಿ ಎತ್ತುಗಳನ್ನು ಜಪ್ತಿ 
ಮಾಡಲು ಅಧಿಕಾರಿಗಳು ಬಂದಾಗ, ಊರವರು ದಾರಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದರು. ಬೆದರಿದ ಎತ್ತುಗಳು ತಮ್ಮ ಕೊಟ್ಟಿಗೆಗೆ ಹಿಂದಿರುಗಿದವು. ಇದನ್ನು ಓದಿದ ಕನ್ನಡಿಗನಿಗೆ ಮೆಚ್ಚುಗೆಯಲ್ಲದೆ ಬೇರೇನು ಮೂಡೀತು? ಆದರೆ ಅದೇ ಪ್ರಾಂತದಲ್ಲಿ 1928ರ ಚುನಾವಣೆಯಲ್ಲಿ ಶೇಕಡಾ 4ರಷ್ಟು ಮತ ಪಡೆದಿದ್ದ ನಾಜಿ ಪಕ್ಷವು 1932ರ ಜುಲೈನಲ್ಲಿ ಶೇಕಡಾ 51ರಷ್ಟು ಮತ ಪಡೆಯಿತು. ಈ ಪರಿವರ್ತನೆಯನ್ನು ಸಮಾಜಶಾಸ್ತ್ರಜ್ಞ ರುಡಾಲ್ಫ್ ಹೆಬೆರ್ಲೆ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ ಚಳವಳಿಯ ಪ್ರಮುಖ ನಾಯಕ ಕ್ಲೌಸ್ ಹೈಮ್ ತಾನಾಗಿ ನಾಜಿಗಳ ಜೊತೆ ಸೇರಲಿಲ್ಲ. ನಾಯಕ ಹೋಗದಿದ್ದರೂ ಜನ ಹೋದರು.

ಕೃತ್ಯ ಒಂದೇ. ಜಪ್ತಿಗೆ ಪ್ರತಿರೋಧ, ಅಧಿಕಾರಿಗೆ ಊರಿನ ಬಾಗಿಲು ಮುಚ್ಚುವುದು, ನಗರದ ಮೇಲಿನ ಸಿಟ್ಟು ಎರಡೂ ಕಡೆ ಇವೆ. ಹೀಗಿರುವಾಗ ಚಳವಳಿಯ ಬಾಹ್ಯಲಕ್ಷಣಗಳ ಪಟ್ಟಿ ಮಾಡಿ ಇದು ಫ್ಯಾಸಿಸಂ, ಇದು ಅಲ್ಲ ಎಂದು ವಿಂಗಡಿಸುವ ವಿಧಾನ ಇಲ್ಲಿ ನಿಷ್ಪ್ರಯೋಜಕ. ಶಾಲಿನ ಬಣ್ಣ, ನಾಯಕನ ಗಡಸು ಮಾತು, ಸಾವಿರಾರು ಜನರ ಮೆರವಣಿಗೆ ಇವನ್ನು ನೋಡಿ ರೈತ ಸಂಘದಲ್ಲಿ ಫ್ಯಾಸಿಸಂನ ಛಾಯೆ ಕಂಡವರು ಮಾಡಿದ್ದು ಇದನ್ನೇ.

ಅಂತರವಿರುವುದು ‘ರೈತ ಯಾರು’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ. ನಾಜಿ ಪ್ರಭುತ್ವವು 1933ರ ಸೆಪ್ಟೆಂಬರ್ 29ರ ವಂಶಪಾರಂಪರ್ಯ ಹಿಡುವಳಿ ಕಾನೂನಿನಲ್ಲಿ ಈ ಪ್ರಶ್ನೆಗೆ ಲಿಖಿತ ಉತ್ತರ ಕೊಟ್ಟಿತು. 1800ರ ಜನವರಿ 1ರವರೆಗಿನ ಪೂರ್ವಿಕರ ರಕ್ತಶುದ್ಧಿಯನ್ನು ತೋರಿಸಬಲ್ಲವನಿಗೆ ಮಾತ್ರ ‘ಬೌವರ್’, ಎಂದರೆ ರೈತನೆಂಬ ಹೆಸರು. ಉಳಿದವರು ಭೂಮಿ ಉತ್ತರೂ ರೈತರಲ್ಲ. ಅದೇ ವರ್ಷದಿಂದ 1937ರವರೆಗೆ ಬ್ಯೂಕೆಬೆರ್ಗ್ ಗುಡ್ಡದ ಮೇಲೆ ಪ್ರತಿ ಸುಗ್ಗಿಗೂ ಲಕ್ಷಾಂತರ ಜನರ ಹಬ್ಬ ನಡೆಯಿತು. ಪ್ರಾಂತಪ್ರಾಂತದ ಸಾಂಪ್ರದಾಯಿಕ ಉಡುಗೆ ತೊಟ್ಟ ರೈತರ ನಡುವಿನಿಂದ ಹಿಟ್ಲರ್ ನಡೆದು ಬರುತ್ತಿದ್ದ. ಅದೊಂದು ಪರಿಪೂರ್ಣ ಜಾನಪದ ಉತ್ಸವ. ಅಲ್ಲಿ ಇಲ್ಲದಿದ್ದುದು ಒಂದೇ, ಇನ್ನೊಂದು ಪಾಠ.

ರೈತ ಸಂಘವು ರೈತನನ್ನು ರಕ್ತದಿಂದ ಗುರುತಿಸಲಿಲ್ಲ, ಬಾಕಿಯಿಂದ ಗುರುತಿಸಿತು. ಜಪ್ತಿಯ ನೋಟೀಸು ಯಾರ ಮನೆಗೆ ಬಂದಿದೆಯೋ ಅವನು ರೈತ. ಈ ವ್ಯಾಖ್ಯಾನದ ಹಿಂದೆ ಈ ನೆಲದ ಸಮಾಜವಾದಿ ಪರಂಪರೆಯಿದೆ. ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ ಸತ್ಯಾಗ್ರಹಕ್ಕೆ ನಿಂತಾಗ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ಬೆಳೆದರು. ಇನ್ನೂ ಒಂದು ಕಾರಣವಿದೆ, ಬ್ರಾಸ್ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ರೈತ ಸಂಘ ಹುಟ್ಟುವ ಹೊತ್ತಿಗೆ ಅದೇ ಜಿಲ್ಲೆಯಲ್ಲಿ ಇನ್ನೊಂದು ‘ಜನ’ ಎದ್ದು ನಿಂತಾಗಿತ್ತು. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯು ಭೂಮಿ, ಕೂಲಿ, ಘನತೆಗಳ ಪ್ರಶ್ನೆಗಳನ್ನು ರೈತ ಸಂಘದ ಎದುರಿಗೇ ಇಟ್ಟಿತು. ಇಡೀ ಹಳ್ಳಿಯ ಪರವಾಗಿ ಮಾತನಾಡುತ್ತೇನೆಂದು ಸಂಘವು ಹೇಳಿದಾಗಲೆಲ್ಲ ಅದೇ ಹಳ್ಳಿಯ ಕೇರಿಯಿಂದ ಬೇರೊಂದು ಮಾತು ಕೇಳಿಬರುತ್ತಿತ್ತು. ಶ್ಲೆಸ್ವಿಗ್-ಹೋಲ್‌ಸ್ಟೈನಿನ ಹಳ್ಳಿಗಳ ಒಳಗಿನಿಂದ ಇಂಥ ಎದುರುಮಾತು ಇಷ್ಟು ಬಲವಾಗಿ ಏಳಲಿಲ್ಲ. ರೈತ ಸಂಘವನ್ನು ಫ್ಯಾಸಿಸಂನಿಂದ ದೂರವಿಟ್ಟ ಶ್ರೇಯಸ್ಸಿನ ಪಾಲು ಸಂಘದ ಟೀಕಾಕಾರರಿಗೂ ಸಲ್ಲಬೇಕು.

ನಾಯಕರನ್ನು ಕುರಿತು ಒಂದು ಮಾತು. ನಾಜಿಗಳು 1934ರ ಡಿಸೆಂಬರ್ 20ರ ಕಾನೂನಿನ ಮೂಲಕ ಪ್ರಭುತ್ವದ ಮತ್ತು ಪಕ್ಷದ ನಾಯಕರ ಬಗ್ಗೆ ಆಡುವ ಕೆಡುನುಡಿಯನ್ನು ಅಪರಾಧವಾಗಿಸಿದರು. ನಗೆಹನಿ ಹೇಳಿದವರೂ ಜೈಲು ಕಂಡರು. ನಗೆಹನಿಯು ಜಾನಪದದ ಅತ್ಯಂತ ಚಿಕ್ಕ ಪ್ರಕಾರ, ಪಾಠಾಂತರಕ್ಕೆ ಅತ್ಯಂತ ಸುಲಭವಾಗಿ ಒಡ್ಡಿಕೊಳ್ಳುವ ಪ್ರಕಾರ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದವರು, 1996ರಿಂದ 1999ರವರೆಗೆ ಮುಖ್ಯಮಂತ್ರಿಗಳಾಗಿದ್ದವರು. ಅವರ ಹೆಸರಿನಲ್ಲಿ ಓಡಾಡುವ ನಗೆಮಾತುಗಳಲ್ಲಿ ಎಷ್ಟು ಅವರವು, ಎಷ್ಟು ಜನ ಕಟ್ಟಿದವು ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ. ಪಟೇಲರನ್ನು ಮೆಚ್ಚಿದವರೂ ಮೆಚ್ಚದವರೂ ಅವನ್ನು ಹೇಳಿ ನಗುತ್ತಾರೆ. ನಾಯಕನನ್ನು ನಗುವಿನ ವಸ್ತುವಾಗಿಸಬಲ್ಲ ಜನ ಅವನನ್ನು ಚುನಾವಣೆಯಲ್ಲಿ ಸೋಲಿಸಲೂ ಬಲ್ಲರು. 1999ರಲ್ಲಿ ಅವರ ಪಕ್ಷ ಸೋತಿತು, ಅಧಿಕಾರ ಹಸ್ತಾಂತರವಾಯಿತು. ನಂಜುಂಡಸ್ವಾಮಿ ಅವರು ಈ ಅರ್ಥದಲ್ಲಿ ನಗೆಯ ನಾಯಕರಾಗಿರಲಿಲ್ಲ. ಅವರದು ಮೇಷ್ಟರ ಬಿಗಿ. ಆದರೆ ಅವರ ಬಿಗಿಗೆ ಸಿಟ್ಟಾದವರು ಸಂಘ ಬಿಟ್ಟು ಇನ್ನೊಂದು ಸಂಘ ಕಟ್ಟಿಕೊಂಡರು. ರೈತ ಸಂಘವು ಬಣಬಣವಾಗಿ ಒಡೆದುದನ್ನು ಅದರ ದುರಂತವೆಂದು ಎಲ್ಲರೂ ಬರೆಯುತ್ತಾರೆ. ರಾಜಕೀಯ ಶಕ್ತಿಯ ದೃಷ್ಟಿಯಿಂದ ಅದು ನಿಜ. ಒಡೆಯಲು ಸಾಧ್ಯವಿದ್ದುದೇ ಅದರ ಆರೋಗ್ಯವೂ ಆಗಿತ್ತೆಂದು ನಾನು ಭಾವಿಸುತ್ತೇನೆ.

ಇಷ್ಟರಿಂದ ರೈತ ಸಂಘವು ಆರೋಪಮುಕ್ತವಾಗುವುದಿಲ್ಲ. 1980ರಿಂದ 1994ರವರೆಗಿನ ಚಳವಳಿಯನ್ನು ಅಧ್ಯಯನ ಮಾಡಿದ ಮುಜಾಫರ್ ಅಸ್ಸಾದಿ ಅವರು 1997ರ ಗ್ರಂಥದಲ್ಲಿ ಅದರ ಸಾಮಾಜಿಕ ನೆಲೆಯನ್ನು ಪರಿಶೀಲಿಸಿದ್ದಾರೆ. ನೀರಾವರಿ ಕಂಡ, ಮಾರುಕಟ್ಟೆಗೆ ಬೆಳೆಯುವ, ಹಿಡುವಳಿಯುಳ್ಳ ಜಾತಿಗಳೇ ಅದರ ಬೆನ್ನೆಲುಬು. ರೈತನನ್ನು ಬಾಕಿಯಿಂದ ಗುರುತಿಸಿದರೆ, ಬ್ಯಾಂಕಿನವರು ಸಾಲವನ್ನೇ ಕೊಡದವನು ರೈತನಾಗುವುದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಬಂಜಾರರು ನಂಬುತ್ತಾರೆ; ಪ್ರತಿ ಫೆಬ್ರವರಿಯಲ್ಲಿ ನಾಡಿನಾಚೆಯಿಂದಲೂ ಮಾಲಾಧಾರಿಗಳು ಅಲ್ಲಿಗೆ ನಡೆದು ಬರುತ್ತಾರೆ. ಸುತ್ತಲಿನ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಗಳ ಕೂಲಿಗೆ ಸಂಸಾರ ಸಮೇತ ಹೊರಡುವವರು ಊರ ಬಾಗಿಲಿನ ಆ ಫಲಕದ ಒಳಗಿನವರೇ, ಹೊರಗಿನವರೇ? ಫಲಕದಲ್ಲಿ ಉತ್ತರವಿರಲಿಲ್ಲ. ಬಹಳಷ್ಟು ತಾಂಡಾಗಳಿಗೆ ಆಗ ಕಂದಾಯ ಗ್ರಾಮವೆಂಬ ಮಾನ್ಯತೆಯೂ ಇರಲಿಲ್ಲ.

ಹೊರಗಿನವರನ್ನು ಮರೆಯುವುದು ಬೇರೆ, ಅಳಿಸುವುದು ಬೇರೆ. ಈ ವ್ಯತ್ಯಾಸವನ್ನು ಚನ್ನಗಿರಿ ತಾಲ್ಲೂಕಿನ ಕೆರೆಯೊಂದರ ಐತಿಹ್ಯವು ನಮ್ಮ ಸಿದ್ಧಾಂತಗಳಿಗಿಂತ ಚೆನ್ನಾಗಿ ತಿಳಿದಿದೆ. ಸೂಳೆಕೆರೆಯ ಕಥೆಯನ್ನು ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಕೆರೆಯಂಗಳವಾಗಬೇಕಾದ ನೆಲದಲ್ಲಿ ವೇಶ್ಯೆಯರು ನೆಲೆಸಿದ್ದರು. ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರು. ಇನ್ನೊಂದು ಪಾಠದಲ್ಲಿ ಶಾಂತವ್ವನೇ ತಂದೆಯಿಂದ ಆ ಬೈಗುಳ ಕೇಳಿಸಿಕೊಂಡವಳು; ಆ ಕಳಂಕ ತೊಳೆಯಲೆಂದೇ ಕೆರೆ ಕಟ್ಟಿಸಿದಳು. ಒಂದು ಪಾಠದಲ್ಲಿ ಮುಳುಗಿದವರ ಹೆಸರು, ಇನ್ನೊಂದರಲ್ಲಿ ಕಟ್ಟಿಸಿದವಳ ನೋವು. ಎರಡೂ ಪಾಠಗಳಲ್ಲಿ ಬೈಗುಳದ ಪದ ಉಳಿದುಕೊಂಡಿದೆ, ಏಕೆಂದರೆ ಅದನ್ನು ತೆಗೆದರೆ ಕಥೆಯೇ ಇಲ್ಲ. ಸರ್ಕಾರಿ ಬರವಣಿಗೆಯು ಇದನ್ನು ‘ಶಾಂತಿಸಾಗರ’ವೆಂದು ಕರೆಯುತ್ತದೆ. ಸಭ್ಯತೆಯ ದೃಷ್ಟಿಯಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಸಾರ್ವಜನಿಕ ಹಿತಕ್ಕಾಗಿ ನೆಲ ಬಿಟ್ಟುಕೊಟ್ಟವರು ಕೇಳಿದ ಏಕೈಕ ಬೆಲೆಯು ಆ ಹೆಸರು. ಅದೂ ಹೋದರೆ ಬಾಕಿ ಉಳಿಸಿಕೊಂಡಂತೆಯೇ.

ಜನಪ್ರಿಯವಾದವು ಫ್ಯಾಸಿಸಂ ಕಡೆಗೆ ಜಾರುವ ಗಳಿಗೆಯನ್ನು ಈ ದೃಷ್ಟಿಯಿಂದ ಗುರುತಿಸಬಹುದು. ರೈತ ಸಂಘದಿಂದ 1989ರಲ್ಲಿ ವಿಧಾನಸಭೆಗೆ ಆಯ್ಕೆಯಾದ ಬಾಬಾಗೌಡ ಪಾಟೀಲರು 1998ರಲ್ಲಿ ಭಾರತೀಯ ಜನತಾ ಪಕ್ಷದಿಂದ ಬೆಳಗಾವಿಯ ಸಂಸದರಾಗಿ ಕೇಂದ್ರದಲ್ಲಿ ಮಂತ್ರಿಗಳಾದರು. ಇದನ್ನು ಕೆಲವರು ಬ್ರಾಸ್ ಅವರ ವಾದಕ್ಕೆ ಸಾಕ್ಷಿಯೆಂದು ಎತ್ತಿಹಿಡಿಯಬಹುದು. ಅದು ಅತಿ ಸರಳೀಕರಣ: ಅದೇ ಸಂಘದಿಂದ ಬಂದ ಕೆ.ಎಸ್. ಪುಟ್ಟಣ್ಣಯ್ಯನವರು ಸರ್ವೋದಯ ಕರ್ನಾಟಕದ ದಾರಿ ಹಿಡಿದರು. ವ್ಯಕ್ತಿಗಳ ಪಕ್ಷಾಂತರಕ್ಕಿಂತ ಗಂಭೀರವಾದುದು ಸ್ಥಳಗಳ ಪಾಠಾಂತರ ನಾಶ. ನೆರೆಯ ಚಿಕ್ಕಮಗಳೂರಿನ ಗಿರಿಯ ಮೇಲಿನ ಗುಹೆಯು ದತ್ತಾತ್ರೇಯ, ಬಾಬಾಬುಡನ್ ಎಂಬ ಎರಡು ಹೆಸರುಗಳನ್ನು ಒಟ್ಟಿಗೆ ಹೊತ್ತುಕೊಂಡಿದ್ದ ಕ್ಷೇತ್ರ. 1990ರ ದಶಕದ ಉತ್ತರಾರ್ಧದಿಂದ ಅದು ಒಂದೇ ಹೆಸರಿನ ಕ್ಷೇತ್ರವಾಗಬೇಕೆಂಬ ಚಳವಳಿ ಜನಸಾಗರವನ್ನು ಸೇರಿಸಿತು. ಅಲ್ಲಿಯೂ ಶಾಲು, ಮೆರವಣಿಗೆ, ‘ಜನರ ಭಾವನೆ’ ಎಂಬ ಮಾತು ಇದ್ದವು. ರೈತರ ಮೆರವಣಿಗೆಗೂ ಇದಕ್ಕೂ ಇರುವ ಭೇದವು ಜನರ ಸಂಖ್ಯೆಯಲ್ಲಿ ಅಲ್ಲ, ಬೇಡಿಕೆಯ ಸ್ವರೂಪದಲ್ಲಿದೆ. ರೈತರ ಬೇಡಿಕೆಯನ್ನು ಒಪ್ಪಿದರೆ ಯಾರ ಕಥೆಯೂ ಸುಳ್ಳಾಗಬೇಕಾಗಿರಲಿಲ್ಲ. ಇಲ್ಲಿ ಒಬ್ಬರ ಕಥೆ ನಿಜವಾಗಲು ಇನ್ನೊಬ್ಬರ ಕಥೆ ಸುಳ್ಳಾಗಲೇಬೇಕು. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಯೊಂದೂ ಇಲ್ಲದಿದ್ದರೂ ಮೊಹರಂ ದೇವರುಗಳನ್ನು ಕೂರಿಸುವ ವಾಡಿಕೆಯಿದೆ. ಅದು ಕರಗುತ್ತಿರುವ ಕಡೆಗಳಲ್ಲಿ ಯಾವ ಕಾನೂನೂ ಬಂದು ತಡೆದಿಲ್ಲ. ‘ನಮ್ಮದಲ್ಲ’ ಎಂಬ ಒಂದು ಮಾತು ಸಾಕಾಗಿದೆ. ರಾಬರ್ಟ್ ಪ್ಯಾಕ್ಸ್‌ಟನ್ 2004ರಲ್ಲಿ ಫ್ಯಾಸಿಸಂ ಹಂತಹಂತವಾಗಿ ಬೆಳೆಯುವುದನ್ನು ವಿವರಿಸಿದಾಗ ಅಧಿಕಾರ ಹಿಡಿಯುವುದಕ್ಕಿಂತ ಮೊದಲಿನ ಹಂತಗಳಿಗೂ ಒತ್ತು ಕೊಟ್ಟರು. ಆ ಮೊದಲ ಹಂತಗಳ ದಾಖಲೆಗಳು ಪತ್ರಾಗಾರದಲ್ಲಿ ಸಿಗಲಾರವು, ಕ್ಷೇತ್ರಕಾರ್ಯದಲ್ಲಿ ಸಿಗುತ್ತವೆ.

ಆದ್ದರಿಂದಲೇ ನಮ್ಮ ಸಂಪಾದನಾ ಪದ್ಧತಿಯನ್ನೂ ಈ ಚರ್ಚೆಯೊಳಗೆ ತರಬೇಕಾಗಿದೆ. ಕನ್ನಡದ ಜನಪದ ಕಾವ್ಯಗಳ ಪ್ರಕಟಿತ ಸಂಪುಟಗಳಲ್ಲಿ ಹಲವು, ಬೇರೆ ಬೇರೆ ಹಾಡುಗಾರರ ಪಾಠಗಳನ್ನು ಕೂಡಿಸಿ ಒಂದು ‘ಶುದ್ಧ’ಪಾಠವನ್ನು ಕಟ್ಟಿಕೊಡುತ್ತವೆ, ಬೈಗುಳ ಬಂದಲ್ಲಿ ಚುಕ್ಕಿಗಳಿವೆ, ಇನ್ನೊಂದು ಜಾತಿಯವರು ಹೇಳುವ ವಿರುದ್ಧ ಪಾಠವು ಪ್ರಸ್ತಾವನೆಯ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಸರ್ಕಾರಿ ಉತ್ಸವಗಳ ಜಾನಪದ ಮೆರವಣಿಗೆಯಲ್ಲಿ ಕಲಾತಂಡಗಳು ಬ್ಯಾನರು ಹಿಡಿದು ಮೂರು ನಿಮಿಷ ಕುಣಿದು ಮುಂದೆ ಸಾಗುತ್ತವೆ. ಇವನ್ನು ಬ್ಯೂಕೆಬೆರ್ಗಿಗೆ ಹೋಲಿಸುವುದು ಅನ್ಯಾಯ, ಉದ್ದೇಶ ಬೇರೆ. ಆದರೆ ‘ಜನಪದ’ವೆಂಬ ಅಖಂಡ ಚಿತ್ರವೊಂದನ್ನು ಸಿದ್ಧಪಡಿಸಿಟ್ಟರೆ, ಅದನ್ನು ಮುಂದೆ ಯಾರು ಎತ್ತಿಕೊಳ್ಳುತ್ತಾರೆಂಬುದು ಸಿದ್ಧಪಡಿಸಿದವರ ಕೈಯಲ್ಲಿರುವುದಿಲ್ಲ.

ಜಗಳೂರಿನ ಪ್ರಶ್ನೆಯೊಂದು ಉಳಿದಿದೆ. ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರದ 2023–24ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ನೀರು ಬರಬೇಕಾದ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಜಗಳೂರೂ ಒಂದು. ಅಲ್ಲಿ ನೀರಿಗಾಗಿ ನಡೆದ ಹೋರಾಟಗಳು ತಮ್ಮನ್ನು ರೈತ ಹೋರಾಟಗಳೆಂದೇ ಕರೆದುಕೊಂಡಿವೆ. ಭದ್ರೆಯ ಹಳೆಯ ಅಚ್ಚುಕಟ್ಟಿನ ರೈತರೂ ತಮ್ಮ ಪಾಲಿನ ನೀರಿನ ಬಗ್ಗೆ ಅದೇ ಹೆಸರಿನಲ್ಲಿ ಮಾತನಾಡುತ್ತಾರೆ. ಜಗಳೂರಿನ ಮ್ಯಾಸಬೇಡರು, ಕಾಡುಗೊಲ್ಲರು ತಮ್ಮ ಹಟ್ಟಿಯ ವೀರರನ್ನು ಹಾಡುವಾಗ ಬರುವ ನೀರು ದನಕರು ಕುಡಿಯುವ ಹಳ್ಳದ ನೀರು. ಕಾಲುವೆ ಬಂದ ಮೇಲೆ ಹುಲ್ಲುಗಾವಲು ಜಮೀನಾಗುತ್ತದೆ, ಜಮೀನಿಗೆ ಸಾಲ ಬರುತ್ತದೆ, ಸಾಲಕ್ಕೆ ಜಪ್ತಿ ಬರುತ್ತದೆ. ಆಗ ಅಲ್ಲಿ ಏಳುವ ಸಂಘದ ಸದಸ್ಯತ್ವದ ಪುಸ್ತಕದಲ್ಲಿ ದನ ಕಾಯುವವನ, ಕಳೆ ಕೀಳುವವಳ ಹೆಸರನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆಂಬುದನ್ನು ಅಲ್ಲಿಗೆ ಹೋಗಿಯೇ ನೋಡಬೇಕಾಗಿದೆ.